ಹೊಟ್ಟೆ ಸೀಳಿದ ಧ

ಹೋದ ತಿಂಗಳು ನಮ್ಮ ಭಾವ ತುಮಕೂರಿನ ಬಟವಾಡಿಯಲ್ಲಿ ಅಂಗಡಿ ಹಾಕಿದರು. ಹೆಸರು ‘ಧನಲಕ್ಷ್ಮಿ’ ಅಂತ ಶುರುವಾಗುತ್ತೆ. ಬೋರ್ಡು ಕಟ್ಟಿದ ದಿನ ರಸ್ತೆಯ ಆಚೆ ಬದಿ ನಿಂತು ನೋಡಿದರೆ ‘ದನಲಕ್ಷ್ಮಿ’ ಅಂತ ಕಾಣ್ತಿತ್ತು. ಹತ್ತಿರ ಹೋಗಿ ನೋಡಿದೆ. ಟೈಪ್ ಮಾಡಿದವರು ಧ ಅಂತಲೇ ಹೊಡೆದಿದ್ದರು. ಆದರೆ ತೆಳು ಫಾಂಟ್ ತಗೊಂಡು, ದಪ್ಪ ಕಾಣಲಿ ಅಂತ ಸುತ್ತ ಅದೇ ಬಣ್ಣದ ಔಟ್‌ಲೈನ್ ಕೊಟ್ಟಿದ್ದರು. ಅದು ಒಳಕ್ಕೂ ಹರಡಿ ಹೊಟ್ಟೆಯ ಸೀಳನ್ನೇ ಮುಚ್ಚಿಬಿಟ್ಟಿತ್ತು. ‘ಕ್ಷ್ಮಿ’ಯ ಎರಡು ಒತ್ತುಗಳು ಅಂಟಿಕೊಂಡು ಮುದ್ದೆಯಾಗಿದ್ದವು. ಭಾವ ಏನೂ ಅನ್ನಲಿಲ್ಲ. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಅವತ್ತಿನಿಂದ ಬಿ.ಎಚ್. ರಸ್ತೆಯಲ್ಲಿ ಬೋರ್ಡುಗಳನ್ನೇ ನೋಡ್ತಾ ಓಡಾಡ್ತಿದ್ದೀನಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದಮೇಲೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಜಾಗವೇನೋ ಸಿಕ್ಕಿತು. ಆ ಜಾಗದಲ್ಲಿ ಕೂತ ಅಕ್ಷರ ಮಾತ್ರ ಎಷ್ಟೋ ಕಡೆ ಎಳೆದು ಉದ್ದ ಮಾಡಿದ್ದು, ಇಲ್ಲವೇ ಹೀಗೆ ಉಬ್ಬಿಸಿದ್ದು.

ಬೋರ್ಡಿಗೆ ದಪ್ಪನೆಯ ಗುಂಡು ಅಕ್ಷರವೇ ಸರಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಇಂಗ್ಲಿಷಿಗೆ 1922ರಲ್ಲೇ ಕೂಪರ್ ಬ್ಲ್ಯಾಕ್ ಅನ್ನೋ ದಪ್ಪ ಗುಂಡು ಫಾಂಟ್ ಬಂತು. ಆದರೆ ಅಲ್ಲಿ ನೆಟ್ಟಗೆ ನಿಂತ ಗೆರೆಗಳ ಮೂಲೆಯನ್ನು ಗುಂಡಗೆ ಮಾಡಬೇಕು. ನಮ್ಮದು ಹುಟ್ಟಾ ಗುಂಡು. ‘ತುಮಕೂರು’ ಅಂತಲೇ ದಪ್ಪಗೆ ಬರೆದು ನೋಡಿ. ಒಂದು ಒತ್ತಿಲ್ಲ, ಚೂಪು ಮೂಲೆಯಿಲ್ಲ, ನಾಲ್ಕು ಅಕ್ಷರ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತಂಗೆ ಇರುತ್ತೆ.

ಆದರೆ ದಪ್ಪವಾಗೇ ಹುಟ್ಟಿದ ಅಕ್ಷರ ಬೇರೆ, ಉಬ್ಬಿಸಿದ್ದು ಬೇರೆ. ಚಿಕ್ಕಂದಿನಲ್ಲಿ ಅಶೋಕ ರಸ್ತೆಯಲ್ಲಿ ಬ್ರಷ್ ಹಿಡಿದು ಬೋರ್ಡು ಬರೆಯೋರನ್ನ ನೋಡ್ತಾ ನಿಂತಿರ್ತಿದ್ದೆ. ಧ ಬರೆಯುವಾಗ ಅವರು ಕೆಳಗೆ ಬೆರಳು ತೂರೋಷ್ಟು ಸೀಳು ಬಿಡ್ತಿದ್ದರು. ದಪ್ಪ ಹೆಚ್ಚಿದಷ್ಟೂ ಸೀಳೂ ಅಗಲ. ಮಧುಗಿರಿ ಬಸ್ಸನ್ನು ದೂರದಿಂದಲೇ ಗುರುತು ಹಿಡೀತಿದ್ದಿದ್ದು ಅದರಿಂದ. ಪ ಮತ್ತು ಷ, ಬ ಮತ್ತು ಭ, ಇವೆಲ್ಲ ಒಂದು ಗೀಟಿನ, ಒಂದು ಸಂದಿನ ವ್ಯತ್ಯಾಸದ ಮೇಲೆ ಬದುಕೋ ಅಕ್ಷರಗಳು.

ಆ ಕೈಬರಹದ ವಿವೇಕ ಇರೋ ಫಾಂಟ್ ಬಾಲೂ ತಮ್ಮ. ಮುಂಬೈನ ಏಕ್ ಟೈಪ್‌ನವರು ಮಾಡಿದ್ದು, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತೆ. ತಮಿಳಿನಲ್ಲಿ ಬಾಲೂ ತಂಬಿ, ತೆಲುಗಿನಲ್ಲಿ ತಮ್ಮುಡು, ಮಲಯಾಳದಲ್ಲಿ ಚೇಟ್ಟನ್, ನಮಗೆ ತಮ್ಮ. ಈ ಹೆಸರು ನನಗೆ ತುಂಬಾ ಇಷ್ಟ. ಮೊದಲು ಒಂದೇ ದಪ್ಪದಲ್ಲಿತ್ತು. ಬಾಲೂ ತಮ್ಮ 2ರಲ್ಲಿ ಐದು ದಪ್ಪಗಳಿವೆ, ಔಟ್‌ಲೈನ್ ಕೊಡೋ ಅಗತ್ಯವೇ ಬೀಳಲ್ಲ. ಬೋರ್ಡು ಡಿಸೈನ್ ಮಾಡೋರು ಬಳಸೋ ಕೋರಲ್ ಡ್ರಾ ಸಾಫ್ಟ್‌ವೇರ್ ಹಳೆಯದಾದರೆ ಇಂಥ ಯುನಿಕೋಡ್ ಕನ್ನಡ ಫಾಂಟ್ ಒಡೆದುಹೋಗುತ್ತೆ ಅನ್ನೋ ಕಷ್ಟ ನಿಜ, ಹೊಸದರಲ್ಲಿ ಸರಿಯಾಗಿ ಕೂರುತ್ತೆ.

ಎಲ್ಲದಕ್ಕೂ ಇದೇ ಅಲ್ಲ. ಇದು ನಗುಮುಖದ ಅಕ್ಷರ. ತಟ್ಟೆ ಇಡ್ಲಿ ಹೋಟೆಲು, ಮಕ್ಕಳ ಪುಸ್ತಕದ ಮುಖಪುಟ, ಜಾತ್ರೆಯ ಬ್ಯಾನರ್, ಅಲ್ಲೆಲ್ಲ ಚೆನ್ನ. ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸಿಗೆ ದಯವಿಟ್ಟು ಹಾಕಬೇಡಿ, ಸತ್ತವರ ಮನೆಯವರಿಗೆ ನೋವಾಗುತ್ತೆ. ಮದುವೆ ಪತ್ರಿಕೆಯೊಳಗಿನ ಸಣ್ಣಕ್ಷರಕ್ಕೂ ಬೇಡ.

ಭಾವನ ಹೊಸ ಬೋರ್ಡು ಗುರುವಾರ ಬರುತ್ತೆ. ಒತ್ತುಗಳಿಗೆ ಜಾಗ ಬೇಕು ಅಂತ ಎತ್ತರ ಅರ್ಧ ಅಡಿ ಹೆಚ್ಚು ಹೇಳಿದ್ದೀವಿ. ನೀವೂ ಬೋರ್ಡು ಮಾಡಿಸ್ತಿದ್ದರೆ, ವಾಟ್ಸ್ಯಾಪಿಗೆ ಬಂದ ಡಿಸೈನನ್ನು ದೊಡ್ಡದು ಮಾಡಿ ನೋಡಬೇಡಿ. ಫೋನು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ. ಅಲ್ಲಿಂದಲೂ ಧ ಧ ಆಗೇ ಕಂಡರೆ ಪ್ರಿಂಟಿಗೆ ಕೊಡಿ.