ಏಳೂವರೆ ವರ್ಷದ ಬೋನಸ್ಸು

ಅಕ್ಟೋಬರ್ 1, ಹಿರಿಯ ನಾಗರಿಕರ ದಿನ. ನಮ್ಮ ಬಡಾವಣೆಯ ಮುದುಕರನ್ನೆಲ್ಲ ಗುಡ್ಡೆ ಹಾಕಿ ಪಾಸಿಟಿವ್ ಥಿಂಕಿಂಗ್ ಬಗ್ಗೆ ಬಿಟ್ಟಿ ಭಾಷಣ ಕೊಡಿಸಿದರು. ಭಾಷಣ ಇದ್ದದ್ದು ಎರಡನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಹತ್ತಿ ಬಂದವರಿಗಷ್ಟೇ ಪಾಸಿಟಿವ್ ಆಗುವ ಯೋಗ್ಯತೆ ಅಂತ ಲೆಕ್ಕವೋ ಏನೋ, ನಾನಂತೂ ಮಧ್ಯದಲ್ಲಿ ಎರಡು ಸಲ ಮೆಟ್ಟಿಲ ಮೇಲೇ ಕೂತು, ಮಂಡಿಗೆ ಸಮಾಧಾನ ಹೇಳಿ, ಹೇಗೋ ಹೋಗಿ ಸೇರಿದೆ.

ಭಾಷಣದ ಹುಡುಗನಿಗೆ ಮೂವತ್ತೈದು ಇದ್ದರೆ ಜಾಸ್ತಿ. "ವಯಸ್ಸು ಬರೀ ಒಂದು ನಂಬರ್!" ಅಂತ ಕೂಗಿದ. ಹೌದಪ್ಪ, ಇನ್ಶೂರೆನ್ಸಿನವರೂ ಆ ನಂಬರ್ ನೋಡಿಯೇ ಪ್ರೀಮಿಯಂ ಏರಿಸುವುದು. ಈ ತತ್ವವನ್ನು ಮನಸಾರೆ ಒಪ್ಪಿದ್ದು ರೈಲ್ವೆಯವರು. 60 ತುಂಬಿದ ಗಂಡಸರಿಗೆ 40 ಪರ್ಸೆಂಟ್, 58 ತುಂಬಿದ ಹೆಂಗಸರಿಗೆ 50 ಪರ್ಸೆಂಟ್ ಇದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿ, ಒಂದೇ ಏಟಿಗೆ ದೇಶದ ಮುದುಕರನ್ನೆಲ್ಲ ಪ್ರಾಯಕ್ಕೆ ತಂದರು.

ಆಮೇಲೆ ಅಮೆರಿಕದ ಸಂಶೋಧನೆ ಬಂತು. ಅದೇನೂ ಸುಳ್ಳಲ್ಲ. ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಮತ್ತು ಜೊತೆಗಾರರು ಒಹಾಯೋ ರಾಜ್ಯದ 660 ಜನರ ಲೆಕ್ಕ ತೆಗೆದು, ತಮ್ಮ ಮುಪ್ಪಿನ ಬಗ್ಗೆ ಒಳ್ಳೇ ಭಾವನೆ ಇದ್ದವರು ಉಳಿದವರಿಗಿಂತ ಏಳೂವರೆ ವರ್ಷ ಜಾಸ್ತಿ ಬದುಕಿದರು ಅಂತ 2002ರಲ್ಲಿ ಬರೆದಿದ್ದಾರೆ. ಏಳೂವರೆ ಅಂದದ್ದೇ ತಡ, ಪಕ್ಕದ ಕುರ್ಚಿಯವರು "ಅಯ್ಯೋ, ಏಳರಾಟದ ಶನಿ!" ಅಂದರು.

ಲೆವಿ ಇನ್ನೊಂದು ಮಾತೂ ಹೇಳುತ್ತಾರೆ. ಮುಪ್ಪಿನ ಬಗ್ಗೆ ನಮಗಿರುವ ಭಾವನೆ ನಾವೇ ಹುಟ್ಟಿಸಿಕೊಂಡದ್ದಲ್ಲ, ಸುತ್ತಲಿನವರು ಮುದುಕರ ಬಗ್ಗೆ ಏನನ್ನುತ್ತಾರೆ, ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಚಿಕ್ಕಂದಿನಿಂದ ನೋಡಿ ನೋಡಿ ಒಳಗಿಳಿದದ್ದು. ಆ ಸ್ಲೈಡ್ ಹುಡುಗನ ಹತ್ತಿರ ಇರಲಿಲ್ಲ. ಬ್ರಿಟನ್ನಿನ ಏಳು ಲಕ್ಷ ಹೆಂಗಸರನ್ನು ಹತ್ತು ವರ್ಷ ಗಮನಿಸಿ, ಕಾಯಿಲೆಯಿಂದ ಬೇಸರ ಬರುತ್ತದೆಯೇ ಹೊರತು ಬೇಸರವೇ ಆಯಸ್ಸು ಕಡಿಮೆ ಮಾಡುವುದಿಲ್ಲ ಅಂತ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದೂ ಇರಲಿಲ್ಲ. ಪಾಪ, ಅಷ್ಟು ಹೊತ್ತಿಗೆ ಬಿಸ್ಕತ್ತು ಬಂದಿತ್ತು.

ನಾನು ಬೋನಸ್ಸಿನ ಲೆಕ್ಕ ಹಾಕುತ್ತಾ ಕೂತೆ. ಏಳೂವರೆ ವರ್ಷ ಅಂದರೆ 90 ತಿಂಗಳು. ಬಡ ಮುದುಕರಿಗೆ ಕೇಂದ್ರ ಸರ್ಕಾರದ ಪಾಲಿನ ಪಿಂಚಣಿ 79ರ ತನಕ ತಿಂಗಳಿಗೆ 200 ರೂಪಾಯಿ. ಅಲ್ಲಿಗೆ ಒಟ್ಟು 18,000. ಬಿ.ಪಿ. ಮಾತ್ರೆಗೆ ಸಾಲದಿದ್ದರೆ ಎಂಬತ್ತರ ತನಕ ನಗುತ್ತಾ ಕಾಯಬೇಕು, ಆಗ 500 ಆಗುತ್ತದೆ.

ಕೊನೆಗೆ ಎಲ್ಲರನ್ನೂ ಎಬ್ಬಿಸಿ ಹೋ ಹೋ ಹಾ ಹಾ ಅಂತ ನಗಿಸಿದರು. 1995ರಲ್ಲಿ ಮುಂಬೈಯ ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ನಗೆಕೂಟ ಶುರು ಮಾಡಿದಾಗ ಕೆಲವೇ ದಿನದಲ್ಲಿ ಜೋಕು ಖಾಲಿಯಾಗಿ, ಸುಮ್ನೆ ನಗುವುದನ್ನು ಕಂಡುಹಿಡಿದರಂತೆ. ನಮಗೆ ಆ ಕೊರತೆ ಇಲ್ಲ. ಕೆಳಗಿಳಿದರೆ ಫುಟ್‌ಪಾತ್ ಇದೆ.

ನವೆಂಬರ್ ಬಂತು. ಪಿಂಚಣಿಯವರು ನಾವಿನ್ನೂ ಬದುಕಿದ್ದೇವೆ ಅಂತ ತೋರಿಸಬೇಕಾದ ತಿಂಗಳು. ಹೋಗಿ ಹೆಬ್ಬೆರಳು ಇಟ್ಟೆ. ಯಂತ್ರ ಒಪ್ಪಲಿಲ್ಲ. ಪಂಚೆಗೆ ಒರೆಸಿ ತೋರುಬೆರಳು ಇಟ್ಟೆ. ಊಹೂಂ. ವಯಸ್ಸಾದ ಹಾಗೆ ಬೆರಳಿನ ಗೆರೆ ಸವೆಯುತ್ತದಲ್ವಾ, ಯಂತ್ರಕ್ಕೆ ಯಾರೂ ಅದನ್ನು ಹೇಳಿದಂತಿಲ್ಲ. "ಟೆನ್ಷನ್ ಮಾಡ್ಕೋಬೇಡಿ ಅಂಕಲ್, ಪಾಸಿಟಿವ್ ಆಗಿ ಒತ್ತಿ" ಅಂದಳು ಕೌಂಟರಿನ ಹುಡುಗಿ. ಭಾಷಣ ನೆನಪಾಯಿತು. ಕಣ್ಣು ಮುಚ್ಚಿ, ಮುಗುಳ್ನಕ್ಕು, 'ನಾನು ಬದುಕಿದ್ದೇನೆ' ಅಂತ ಮನಸ್ಸಿನಲ್ಲಿ ಮೂರು ಸಲ ಹೇಳಿಕೊಂಡು ಒತ್ತಿದೆ. ಹತ್ತೂ ಬೆರಳು ಮುಗಿದವು.

"ನಾಳೆ ಬನ್ನಿ" ಅಂದಳು.

ಹಿಂದೆ ನಾವೂ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದೆವು. ನನಗೆ ಬಹುವಚನ ಸಿಕ್ಕಿತು, ಅಷ್ಟೇ ವ್ಯತ್ಯಾಸ.