ತಳಕ್ಕೊಂದು ತೂತು

ದೋಣಿ ಸಾಕಿದವನ ಮೊದಲ ಕರ್ತವ್ಯ ಅದರ ತಳ ತೂತಾಗದಂತೆ ನೋಡಿಕೊಳ್ಳುವುದು. ಹೀಗಿರುವಾಗ ಕಳೆದ ಜುಲೈಯಲ್ಲಿ ನಾನು ನನ್ನದೇ ದೋಣಿಯ ಅಡಿಯಲ್ಲಿ ಅಂಗಾತ ಮಲಗಿ, ನನ್ನದೇ ಕೈಯಿಂದ 2 ಇಂಚಿನ ತೂತು ಕೊರೆದೆ. ನೀರಿನೊಳಕ್ಕೆ ಶಬ್ದ ಕಳಿಸಿ, ಮರಳುವ ಪ್ರತಿಧ್ವನಿಯಿಂದ ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್ ಕೂರಿಸುವುದಕ್ಕೆ.

ಗಂಗೊಳ್ಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಗಾಳ ಹಾಕಲೆಂದು ನಿವೃತ್ತಿಯ ಮೇಲೆ ಕೊಂಡ ಪುಟ್ಟ ಫೈಬರ್ ದೋಣಿ ಅದು. ಅಲ್ಲಿ ಮರಳ ದಿಬ್ಬ ಇದ್ದಲ್ಲಿ ಇರುವುದಿಲ್ಲ. ಎರಡು ಸಲ ದಿಬ್ಬದ ಮೇಲೆ ದೋಣಿ ಏರಿಸಿ, ಭರತದ ನೀರು ಬರುವವರೆಗೆ ದೇವರಂತೆ ಕೂತು, ದಡದವರಿಗೆಲ್ಲ ದರ್ಶನ ಕೊಟ್ಟಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪ್ರತಿಧ್ವನಿಯ ಪಾಠ ಮಾಡಿದವನು ನಾನು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಹೋದ ಶಬ್ದ ಸೆಕೆಂಡಿನ ನೂರರಲ್ಲಿ ಎರಡು ಭಾಗದಲ್ಲಿ ಮರಳಿದರೆ ಆಳ 15 ಮೀಟರ್. ಇಷ್ಟು ಗೊತ್ತಿದ್ದವನಿಗೆ ಯಂತ್ರ ಕೂರಿಸಲು ಮತ್ತೊಬ್ಬ ಏಕೆ? ನಿಜ ಹೇಳಬೇಕೆಂದರೆ, ಮತ್ತೊಬ್ಬ ಸಿಗಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕೆಲಸ ಬಲ್ಲವರೆಲ್ಲ ದೊಡ್ಡ ಬೋಟುಗಳ ರಿಪೇರಿಯಲ್ಲಿದ್ದರು.

ನೆರವಿಗೆ ಬಂದವರು ಪಕ್ಕದ ಮನೆಯ ಅಜ್ಜ. ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಮಾರುಗಟ್ಟಲೆ ಆಳ ಅಳೆದ ಕೈ ಅದು. "ತಳ ನೋಡುವುದಕ್ಕೆ ತಳವನ್ನೇ ಒಡೆಯುತ್ತೀರಾ ಮಾಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಲೆ ಅಡಿಕೆ ಬಿಚ್ಚಿದರು.

ಒಳಗಿನಿಂದ ಸಣ್ಣ ತೂತು, ಅದೇ ಗುರುತು ಹಿಡಿದು ಹೊರಗಿನಿಂದ ದೊಡ್ಡ ತೂತು. ಡ್ರಿಲ್ ಒತ್ತಿದಾಗ ಬಂದ ಸದ್ದಿಗೆ ನನ್ನದೇ ಹಲ್ಲು ಕೊರೆಸಿಕೊಂಡಂತಾಯಿತು. ಫೈಬರಿನ ದೂಳು ಬೆವರಿಗೆ ಅಂಟಿದರೆ ನಸುಗುನ್ನಿಕಾಯಿಯೂ ಸೋಲೊಪ್ಪಬೇಕು. ಮೂರು ದಿನ ಕುತ್ತಿಗೆ ಕೆರೆದುಕೊಂಡೇ ಇದ್ದೆ. ಕೊನೆಗೆ ನಿಪ್ಪಟ್ಟಿನಷ್ಟು ದುಂಡನೆಯ ಬಿಲ್ಲೆಯೊಂದು ಎದೆಯ ಮೇಲೆ ಬಿತ್ತು. ತೂತಿನಲ್ಲಿ ಆಕಾಶ ಕಾಣುತ್ತಿತ್ತು. ಸಾಲ ಮಾಡಿ ಕೊಂಡ ವಸ್ತುವಿನ ಮೂಲಕ ಆಕಾಶ ನೋಡುವಾಗ ಆಗುವ ತಳಮಳ ಬೇರೆಯೇ.

ಆಮೇಲೆ ನೀರು ಸೋರದಂತೆ ಬಳಿಯುವ ಅಂಟು, ಸೀಲೆಂಟ್. ಟ್ಯೂಬಿನಿಂದ ಬರುವಾಗ ದೋಸೆ ಹಿಟ್ಟು, ಬಂದ ಮೇಲೆ ಹಲಸಿನ ಮೇಣ. ಕೈಗೆ, ಕನ್ನಡಕಕ್ಕೆ, ಅಜ್ಜನ ಪಂಚೆಗೆ ಧಾರಾಳವಾಗಿ ಹತ್ತಿದ್ದು ತೂತಿನ ಅಂಚಿಗೆ ಮಾತ್ರ ಮೂರು ಸಲ ಬಳಿಯಬೇಕಾಯಿತು. ಬಾಣದ ಗುರುತು ಮುಂದಕ್ಕೆ ಮಾಡಿ, ಟ್ರಾನ್ಸ್‌ಡ್ಯೂಸರನ್ನು ಕೆಳಗಿನಿಂದ ಒತ್ತಿ ಹಿಡಿಯಲು ಅಜ್ಜನಿಗೆ ಹೇಳಿ ಮೇಲೆ ಹತ್ತಿದೆ. ಕೇಬಲನ್ನು ಹಲಗೆಗಳ ಅಡಿಯಲ್ಲಿ ತೂರಿಸಿ, ಮೂರು ಕಡೆ ಸಿಕ್ಕಿಸಿಕೊಂಡು ಬಿಡಿಸಿ, ಸ್ಟಿಯರಿಂಗ್ ಹತ್ತಿರ ತಂದು ಆಳ ತೋರಿಸುವ ಪರದೆಗೆ ಚುಚ್ಚಿದೆ. ಪರದೆ ಬೆಳಗಿತು! ಮಡದಿಗೆ ಫೋನ್ ಮಾಡಿ ಸುದ್ದಿ ಹೇಳುತ್ತಿದ್ದೆ.

"ಮಾಷ್ಟ್ರೇ, ನಾನಿದನ್ನು ದಸರಾವರೆಗೂ ಹಿಡಿದುಕೊಂಡಿರಬೇಕಾ?"

ಜೇಬಿಗೆ ಕೈ ಹಾಕಿದೆ. ಒಳಗಿನಿಂದ ಬಿಗಿಯಬೇಕಾದ ದೊಡ್ಡ ನಟ್ಟು ಅಲ್ಲಿ ತಣ್ಣಗೆ ಮಲಗಿತ್ತು. ಅದನ್ನು ಪೋಣಿಸಬೇಕಾದದ್ದು ಕೇಬಲಿನ ತುದಿಯಿಂದ. ತುದಿಯನ್ನು ಈಗಷ್ಟೇ ಚುಚ್ಚಿ ಬಂದಿದ್ದೆ. ಕೇಬಲ್ ಕತ್ತರಿಸಬಾರದೆಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದೆ. ಅಷ್ಟನ್ನೂ ಹಿಂದಕ್ಕೆ ಎಳೆದು, ನಟ್ಟು ಪೋಣಿಸಿ, ಮತ್ತೆ ತೂರಿಸುವ ಹೊತ್ತಿಗೆ ಸೀಲೆಂಟ್ ಗಟ್ಟಿಯಾಗತೊಡಗಿತ್ತು. ಅಜ್ಜನ ಎರಡು ಬೆರಳು ದೋಣಿಯ ಭಾಗವಾಗುವುದರಲ್ಲಿದ್ದವು. ಎಲ್ಲವನ್ನೂ ಕೆರೆದು, ಹೊಸ ಟ್ಯೂಬು ತಂದು, ಮರುದಿನ ಮೊದಲಿನಿಂದ.

ಆಗಸ್ಟಿನಲ್ಲಿ ದೋಣಿ ನೀರಿಗಿಳಿಯಿತು. ಯಂತ್ರ 6 ಅಡಿ ಎಂದಿತು. ಅಜ್ಜ ಗಳ ಇಳಿಸಿ ಆರೂವರೆ ಎಂದರು. ಯಂತ್ರ ಎಣಿಸುವುದು ತಾನು ಕೂತಲ್ಲಿಂದ ಕೆಳಕ್ಕೆ, ನೀರಿನ ಮಟ್ಟದಿಂದ ಅದಿರುವವರೆಗಿನ ಅಂತರವನ್ನು ನಾವೇ ಸೇರಿಸಿಕೊಡಬೇಕು ಎಂದು ವಿವರಿಸಿದೆ. "ಇಷ್ಟು ದುಡ್ಡು ಕೊಟ್ಟು, ಅದು ಎಲ್ಲಿ ಕೂತಿದೆಯೆಂದೂ ನಾವೇ ಹೇಳಬೇಕಾ!" ಎಂದರು.

ವಾದ ಮುಂದುವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಟ್ಟಿನ ಪಕ್ಕದಲ್ಲಿ ಚಮಚೆಯಷ್ಟು ನೀರು ಕಂಡಿತ್ತು. ಸಮುದ್ರದ್ದೋ ಮಳೆಯದ್ದೋ? ಬೆರಳದ್ದಿ ನಾಲಿಗೆಗಿಟ್ಟೆ. ಸಿಹಿ! ಹರ್ಷದಿಂದ ಕೂಗಿದೆ.

"ಮಳೆಗಾಲದಲ್ಲಿ ಇಲ್ಲಿ ಹೊಳೆಯೂ ಸಿಹಿಯೇ" ಎಂದರು ಅಜ್ಜ.

ನೀರು ಒರೆಸಿ, ನಟ್ಟಿನ ಸುತ್ತ ಹಳೆಯ ಪತ್ರಿಕೆ ಹಾಸಿ, ಅದು ಒದ್ದೆಯಾಗುತ್ತದೋ ನೋಡಲು ಇಬ್ಬರೂ ಕುಕ್ಕರಗಾಲಿನಲ್ಲಿ ಕೂತೆವು. ಹತ್ತು ನಿಮಿಷ ಒಣಗಿಯೇ ಇತ್ತು. ಹನ್ನೊಂದನೆಯ ನಿಮಿಷಕ್ಕೆ ಮಳೆ ಹೊಯ್ಯಿತು.