ಹೆಸರಿಲ್ಲದವರ ಸಹಿ ತನ್ನಿ

ಉಡುಪಿಯ ನಮ್ಮ ಓಣಿಯಲ್ಲಿ ಯಾರ ಆರೋಗ್ಯ ಹೇಗಿದೆ ಎಂಬುದು ಗುಟ್ಟಿನ ವಿಷಯವಲ್ಲ. ಆಶಾ ಕಾರ್ಯಕರ್ತೆ ಚಾವಡಿಯಲ್ಲಿ ಕುಳಿತು, 30 ದಾಟಿದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಬೀಡಿ ಸೇದುವಿರಾ, ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವಿರಾ, ತಂದೆತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಎಂದು ವಿಚಾರಿಸಿ, ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆದು, ಅಂಕ ಕೂಡಿಸಿ, ಅದು 4 ದಾಟಿದರೆ “ನಿಮ್ಮದು ಜಾಸ್ತಿ ಉಂಟು, ತಪಾಸಣೆಗೆ ಬನ್ನಿ” ಎನ್ನುವಾಗ ಆ ಮಾತು ಕಂಪೌಂಡಿನ ಆಚೆಯವರಿಗೂ ಕೇಳಿಸುತ್ತದೆ. ಮರುದಿನ ಮೀನು ತರುವ ಹೆಂಗಸೂ “ಇನ್ನು ನಿಮಗೆ ಒಣಮೀನು ಬೇಡ ಅಲ್ಲವಾ” ಎಂದು ಕನಿಕರದಿಂದ ಕೇಳುತ್ತಾಳೆ.

ಇದೇ ಮಾಹಿತಿ ಸರ್ಕಾರದ ಪೋರ್ಟಲ್ಲಿಗೆ ಏರಿತೆಂದರೆ ಅದಕ್ಕೆ ರಾಜರಹಸ್ಯದ ಪದವಿ ಪ್ರಾಪ್ತವಾಗುತ್ತದೆ. ನನ್ನ ಪರಿಚಯದ, ಸಮುದಾಯ ವೈದ್ಯಶಾಸ್ತ್ರ ಕಲಿಸುವ ಉಪನ್ಯಾಸಕಿಯೊಬ್ಬರಿಗೆ ಇದ್ದದ್ದು ಒಂದು ಸಣ್ಣ ಪ್ರಶ್ನೆ: ಮೊದಲ ತಪಾಸಣೆಯಲ್ಲಿ ರಕ್ತದೊತ್ತಡ ಹೆಚ್ಚಿದೆ ಎಂದು ಹೇಳಿಸಿಕೊಂಡವರಲ್ಲಿ ಎಷ್ಟು ಮಂದಿ ಎರಡನೆಯ ಸಲ ಆಸ್ಪತ್ರೆಯ ಮೆಟ್ಟಿಲು ಹತ್ತಿದರು? ಹೆಸರು ಬೇಡ, ಮನೆ ನಂಬರು ಬೇಡ, ಆರೋಗ್ಯ ದಾಖಲೆಗಳಿಗೆಂದು ಸರ್ಕಾರ ಕೊಡುವ 14 ಅಂಕಿಗಳ ಆಭಾ ಸಂಖ್ಯೆಯಂತೂ ಬೇಡವೇ ಬೇಡ. ವಯಸ್ಸು, ತಾಲ್ಲೂಕು, ಎರಡು ದಿನಾಂಕ, ಎರಡು ಅಳತೆ ಸಾಕು. ಏರಿದ ಒತ್ತಡ ನೋಯುವುದಿಲ್ಲ, ನೋಯದ್ದಕ್ಕಾಗಿ ಕೆಲಸ ಬಿಟ್ಟು ಬರುವವರು ಕಡಿಮೆ. ಹೀಗೆ ತಪ್ಪಿಸಿಕೊಂಡವನಿಗೆ ನಾಳೆ ಪಾರ್ಶ್ವವಾಯು ಬಡಿದರೂ ತಪಾಸಣೆಯ ಪ್ರಗತಿ ವರದಿಯಲ್ಲಿ ಅವನು ‘ಸಾಧನೆ’ಯಾಗಿಯೇ ಉಳಿದಿರುತ್ತಾನೆ.

ಈ ಲೆಕ್ಕಕ್ಕಾಗಿ ಅರ್ಜಿ ಕೊಟ್ಟಾಗ ಆರೋಗ್ಯ ಇಲಾಖೆಯ ಕಚೇರಿಯವರು, ಮೊದಲು ಸಂಶೋಧನೆಗಳನ್ನು ಪರಿಶೀಲಿಸುವ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ತನ್ನಿ ಎಂದರು. ಸಮಿತಿಯವರು, ಮಾಹಿತಿ ಯಾರ ಬಳಿ ಇದೆಯೋ ಅವರ ಒಪ್ಪಿಗೆಯನ್ನು ಮೊದಲು ತನ್ನಿ ಎಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದವರು ಖಂಡಿತ ಯಾವುದೋ ಅನುಮತಿಗಾಗಿ ಅಲೆದವರಿರಬೇಕು. ಕೊನೆಗೆ ಸಮಿತಿಯೇ ‘ಷರತ್ತಿಗೊಳಪಟ್ಟು’ ಎಂಬ ಪದವನ್ನು ಕಂಡುಹಿಡಿದು ದಾರಿ ಬಿಟ್ಟಿತು. ಆ ಹೊತ್ತಿಗೆ ಸಿಟಿ ಬಸ್ಸಿನ ಕಂಡಕ್ಟರ್ ಮೇಡಮ್ಮನವರ ಮುಖ ನೋಡಿಯೇ ಟಿಕೆಟ್ ಹರಿಯುವಷ್ಟು ಪರಿಚಿತನಾಗಿದ್ದ.

ಆಮೇಲೆ ಬಂದದ್ದು ಹಿಂಬರಹ. ನಮ್ಮ ಕಚೇರಿಗಳ ಈ ಸಾಹಿತ್ಯ ಪ್ರಕಾರಕ್ಕೆ ವಿಮರ್ಶಕರು ಇನ್ನೂ ನ್ಯಾಯ ಒದಗಿಸಿಲ್ಲವೆಂಬುದು ನನ್ನ ಹಳೆಯ ದೂರು. “ಸದರಿ ಮಾಹಿತಿಯು ವ್ಯಕ್ತಿಗಳ ಖಾಸಗಿ ವಿಷಯವಾಗಿರುವುದರಿಂದ, ಸಂಬಂಧಪಟ್ಟ ಪ್ರತಿಯೊಬ್ಬರ ಲಿಖಿತ ಸಮ್ಮತಿಯನ್ನು ಲಗತ್ತಿಸಿದಲ್ಲಿ ನಿಯಮಾನುಸಾರ ಪರಿಶೀಲಿಸಲಾಗುವುದು” ಎಂದು ಅದರಲ್ಲಿತ್ತು. ಹೆಸರು ತೆಗೆದು ಕೊಡಿ ಎಂದವರಿಗೆ, ಆ ಹೆಸರಿಲ್ಲದವರ ಸಹಿ ತನ್ನಿ ಎಂಬ ಉತ್ತರ. ಸಹಿ ಹಾಕಿಸಲು ಅವರು ಯಾರೆಂದು ತಿಳಿಯಬೇಕಷ್ಟೆ. ಅವರು ಯಾರೆಂದು ಹೇಳಿದರೆ ಖಾಸಗಿತನಕ್ಕೆ ಭಂಗ ಬರುತ್ತದೆ.

ಮೇಡಂ ಕಾನೂನು ಓದಿಕೊಂಡು ಹೋದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಪ್ರಕರಣವು, ವ್ಯಕ್ತಿಯೊಬ್ಬನ ಕುರಿತು ನಿರ್ದಿಷ್ಟ ತೀರ್ಮಾನ ಕೈಗೊಳ್ಳಲು ಬಳಸದೆ ನಿಗದಿತ ಮಾನದಂಡ ಪಾಲಿಸಿದರೆ, ಸಂಶೋಧನೆಗೂ ಅಂಕಿಅಂಶದ ಕೆಲಸಕ್ಕೂ ವಿನಾಯಿತಿ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಗುರುತು ಅಳಿಸಿದ ಮಾಹಿತಿಯ ವಿಷಯದಲ್ಲಿ ಸಮ್ಮತಿ ಬೇಡವೆನ್ನುವ ಅಧಿಕಾರವನ್ನು ನೈತಿಕ ಸಮಿತಿಗೆ ಬಿಟ್ಟಿದೆ. ಎರಡರ ಜೆರಾಕ್ಸ್ ಪ್ರತಿಯನ್ನೂ ಸಾವಧಾನವಾಗಿ ತಿರುವಿಹಾಕಿದ ವಿಷಯ ನಿರ್ವಾಹಕರು, “ಕಾಯ್ದೆ ಇರಬಹುದು ಮೇಡಂ, ಸುತ್ತೋಲೆ ಬರಲಿಲ್ಲವಲ್ಲ” ಎಂದು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿನಲ್ಲಿ ಕಪಟವಿರಲಿಲ್ಲವೆಂದು ಮೇಡಂ ಇಂದಿಗೂ ಹೇಳುತ್ತಾರೆ.

ಉಳಿದದ್ದು ಮಾಹಿತಿ ಹಕ್ಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಪದಗಳನ್ನು ಬೆರಳಲ್ಲಿ ಎಣಿಸಿ ಬರೆದ ಅರ್ಜಿ 10 ರೂಪಾಯಿ ಶುಲ್ಕದ ಸಮೇತ ಹೋಯಿತು. ಅದರಲ್ಲಿ ರಕ್ತದೊತ್ತಡದ ಜೊತೆಗೆ ಮಧುಮೇಹದ ಲೆಕ್ಕವನ್ನೂ ಕೇಳಿದ್ದರಿಂದ, ಇವು ಎರಡು ವಿಷಯಗಳು ಎಂಬ ಕಾರಣಕ್ಕೆ ಹಿಂದಿರುಗಿತು. ಒಂದೇ ದೇಹದಲ್ಲಿ, ಒಂದೇ ಕಾರ್ಯಕ್ರಮದಲ್ಲಿ, ಒಂದೇ ದಿನ ಪತ್ತೆಯಾಗುವ ಈ ಎರಡು ಕಾಯಿಲೆಗಳು ಟಪಾಲಿನಲ್ಲಿ ಮಾತ್ರ ಒಂದೇ ಲಕೋಟೆಯಲ್ಲಿ ಕೂರಲೊಪ್ಪುವುದಿಲ್ಲ. ಬೇರೆ ಬೇರೆಯಾಗಿ ಕೇಳಿದಾಗ, ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲವೆನ್ನುವ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಎಂಬ ಬೀಗ ಎದುರಾಯಿತು. ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂದು ಆ ಉಪಪ್ರಕರಣದಲ್ಲಿದ್ದ ಮಾತನ್ನು ಮೇಲೆ ಹೇಳಿದ 2023ರ ಕಾಯ್ದೆಯೇ ತೆಗೆದುಹಾಕಿದೆ. ಒಂದು ಕೈಯಲ್ಲಿ ಸಂಶೋಧನೆಗೆ ಬಾಗಿಲು ತೆರೆದ ಕಾಯ್ದೆ ಇನ್ನೊಂದು ಕೈಯಲ್ಲಿ ಕಿಟಕಿ ಮುಚ್ಚಿತ್ತು.

ಈ ಎಲ್ಲ ಓಡಾಟದ ನಡುವೆ ಮೇಡಂ ಒಮ್ಮೆ ಬಾಯಾರಿ ಒಂದು ಉಪಕೇಂದ್ರಕ್ಕೆ ಹೋಗಿದ್ದರಂತೆ. ಅಲ್ಲಿ ನೀರಿನ ಫಿಲ್ಟರಿನ ಪಕ್ಕದಲ್ಲಿಯೇ ಹೆಸರು, ಫೋನ್ ನಂಬರು, ಕಾಯಿಲೆಗಳ ಸಮೇತ ದಪ್ಪ ರಿಜಿಸ್ಟರು ಬಿಡಿಸಿ ಬಿದ್ದಿತ್ತು. ಅದರ ಒಂದು ಮೂಲೆಯ ಮೇಲೆ ಯಾರದೋ ಚಹಾದ ಲೋಟ. ಓದಬಾರದೆಂದು ಅವರು ಮುಖ ತಿರುಗಿಸುವಷ್ಟರಲ್ಲಿ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: 120/80, 130/80, 120/80, ಮತ್ತೆ 130/80, ಹೀಗೆ ಪುಟದ ಕೆಳಗಿನವರೆಗೆ, ಅಳೆದದ್ದಕ್ಕಿಂತ ಅಂದಾಜಿಸಿ ಬರೆದಂತೆ, ಸೊನ್ನೆಯಲ್ಲಿಯೇ ಮುಗಿಯುವ ಒತ್ತಡಗಳು. ಗುರಿ ಮುಟ್ಟಿಸುವ ಅವಸರದಲ್ಲಿ, ಕೈಕೊಡುವ ಯಂತ್ರ ಹಿಡಿದು ಕೆಲಸ ಮಾಡುವವರನ್ನು ನಾನು ದೂರಲಾರೆ. ಆದರೆ ಕಚೇರಿಯವರು ಇಷ್ಟು ಕಾಳಜಿಯಿಂದ ಕಾಯುತ್ತಿರುವುದು ಜನರ ಕಾಯಿಲೆಯ ಗುಟ್ಟನ್ನೋ, ಆ ಸೊನ್ನೆಗಳ ಗುಟ್ಟನ್ನೋ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕಳೆದ ವಾರ ಅದೇ ಕಚೇರಿಯಿಂದ ಕಾಲೇಜಿಗೆ ‘ಅತಿ ಜರೂರು’ ಎಂಬ ಕೆಂಪು ಮೊಹರಿನ ಪತ್ರ ಬಂತು. ತಪಾಸಣೆಯಲ್ಲಿ ರಕ್ತದೊತ್ತಡ ಪತ್ತೆಯಾದವರಲ್ಲಿ ಎಷ್ಟು ಮಂದಿ ಮರಳಿ ಬರುತ್ತಿಲ್ಲವೆಂಬ ವಿವರವನ್ನು ಮೇಲಧಿಕಾರಿಗಳು ಅಪೇಕ್ಷಿಸಿರುವುದರಿಂದ, ತಮ್ಮ ವಿಭಾಗದ ಅಧ್ಯಯನದ ಅಂಕಿಅಂಶಗಳನ್ನು ತಾಲ್ಲೂಕುವಾರು ಎಕ್ಸೆಲ್ ನಮೂನೆಯಲ್ಲಿ ಎರಡು ದಿನದೊಳಗೆ ಕಳುಹಿಸತಕ್ಕದ್ದು ಎಂದು ಅದರಲ್ಲಿದೆ. ಮೇಡಂ ಈಗ ಕಚೇರಿಗೆ ಒಂದು ಹಿಂಬರಹ ಬರೆಯುತ್ತಿದ್ದಾರೆ. ‘ಸದರಿ’ ಎಂಬ ಪದವನ್ನು ಎಷ್ಟು ಸಲ ಬಳಸಬಹುದು ಎಂದು ನಿನ್ನೆ ಫೋನ್ ಮಾಡಿ ಕೇಳಿದರು.